ಹಿಂದಿನ ಸೀಟು ಎಂಬ ಭಾರ

ಕಳೆದ ವಾರ ನಮ್ಮ ಭಾವನವರ ಎದುರಿಗೆ ನಾನೊಂದು ಮಾತಾಡಿದೆ. ಮಾರ್ಕಯನ್‌ಕೋಟ್ಟೈಗೆ ಸೊಸೆಯಾಗಿ ಬಂದಾಗಿನಿಂದ ಅವರ ಮುಂದೆ ಬಾಯಿ ಬಿಟ್ಟಿದ್ದು ಇದೇ ಮೊದಲು. ಗಂಡನ ಅಣ್ಣನ ಎದುರು ಸೊಸೆಯಾದವಳು ಮಾತಾಡಬಾರದು ಎಂಬುದು ನಮ್ಮಲ್ಲಿ ಪದ್ಧತಿ. (ಯಾರು ಮಾಡಿದ್ದು? ಯಾರೋ ಒಬ್ಬ ಗಂಡನ ಅಣ್ಣನೇ ಇರಬೇಕು.)

ಅಷ್ಟು ಕಾಲ ಮುಚ್ಚಿದ್ದ ಬಾಯಿ ತೆರೆದಾಗ ಎಂಥ ಮಾತು ಬಂದಿರಬಹುದು? ಶಾಪವೇ? ಗಾದೆಯೇ? ತವರಿನವರನ್ನು ಆಡಿಕೊಂಡದ್ದಕ್ಕೆ ತಕ್ಕ ಉತ್ತರವೇ?

ನಾನು ಹೇಳಿದ್ದು, "ರೆಕ್ಸಿನು."

ಅಷ್ಟೇ. ಊರಲ್ಲಿ ಇನ್ನೂ ಅದೇ ಸುದ್ದಿ. ಹೊರಗಿರುವ ಮೊಮ್ಮಕ್ಕಳಿಗೆ ಫೋನಿನಲ್ಲಿ ಅರ್ಧಂಬರ್ಧ ಮುಟ್ಟಿದೆ. ಒಬ್ಬಳು, "ಅಪ್ಪತ್ತಾ, ದೊಡ್ ತಾತನ್ನ ಚೆನ್ನಾಗಿ ಬೈದ್ಯಂತೆ!" ಎಂದು ಹಬ್ಬದ ಸಂತೋಷದಲ್ಲಿ ಕೇಳಿದಳು. ಆದ್ದರಿಂದ ಮೊಮ್ಮಕ್ಕಳೇ, ಮೊಮ್ಮಕ್ಕಳಷ್ಟೇ ತಾಳ್ಮೆಯಿಂದ ವಾರವಾರವೂ ನನ್ನನ್ನು ಸಹಿಸುವ ಓದುಗರೇ, ನಡೆದದ್ದನ್ನು ಮೊದಲಿಂದ ಹೇಳಿಬಿಡುತ್ತೇನೆ. ಬಾಯಲ್ಲಿ ಹೇಳು ಎಂದರೆ ನನಗೆ ನಾಲಿಗೆ ಏಳುವುದಿಲ್ಲ. ತವರಿನಲ್ಲಿ, ತಾಳವಾಡಿ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆಯಲ್ಲ, ಅದು ಮಾತ್ರ ನಾಚುವುದಿಲ್ಲ.

ನನ್ನ ಮೊಮ್ಮಗ ಪ್ರಭು ವೇದಸಂದೂರಿನ ಒಂದು ನೂಲಿನ ಮಿಲ್ಲಿನಲ್ಲಿ ಎಂಜಿನಿಯರು. ಶನಿವಾರ ಸಂಜೆ ದಿಂಡಿಗಲ್ ದಾಟಿ ಮನೆಗೆ ಬರುತ್ತಾನೆ, ಬೈಕಿನಲ್ಲಿ. ಆ ಬೈಕಿಗೆ ಕ್ರೂಸರ್ ಎಂದು ಹೆಸರು. ಉದ್ದಕ್ಕೆ, ತಗ್ಗಿಗೆ, ಕೆಸರಲ್ಲಿ ಮಲಗಿ ಎದ್ದ ಎಮ್ಮೆಯ ಹಾಗೆ ಮಿರಮಿರ ಹೊಳೆಯುತ್ತಿತ್ತು. ಅದನ್ನು ಓಡಿಸುವವನು ಕಾಲನ್ನು ಮುಂದಕ್ಕೆ ಚಾಚಿ ಈಸಿಚೇರಿನಲ್ಲಿ ಪೇಪರ್ ಓದುವವನಂತೆ ಕೂತಿರುತ್ತಾನೆ.

ನನಗೆ ಅದರ ಮುಂಭಾಗದ ಚಿಂತೆ ಇಲ್ಲ. ಹಿಂದಿನ ಸೀಟು ಇತ್ತಲ್ಲ, ಅದು ಸೀಟು! ಅಗಲ, ಮೆತ್ತಗೆ, ಬೆನ್ನಿಗೆ ಒರಗು. ಕಾಲಿಡಲು ಹಲಗೆ. ಸೀರೆ ಚಕ್ರಕ್ಕೆ ಸಿಕ್ಕದಂತೆ ಪಕ್ಕದಲ್ಲಿ ಕಂಬಿಯ ಜಾಲರಿ. ಚಿನ್ನಮನೂರಿನ ಕಣ್ಣಿನ ಡಾಕ್ಟರ ಹತ್ತಿರ, ಬೋಡಿನಾಯಕನೂರಿಗೆ ಏಲಕ್ಕಿ ತರಲು, ನಾನು ಅದರ ಮೇಲೆ ಕೂತೇ ಹೋಗಿಬಂದವಳು. ಬಾಳೆತೋಟದ ಪಕ್ಕ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೆದರಿಕೆಗೆ ಎಂದು ಪ್ರಭು ತಿಳಿದಿದ್ದ. ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ.

ಇನ್ನು ಬೆಟ್ಟದ ವಿಷಯ.

ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಆಸುಪಾಸಿಗೆ, ನಮ್ಮ ಬಳಗದವರೆಲ್ಲ ಬೆಟ್ಟಕ್ಕೆ ಹೋಗಿ ಮನೆದೇವರಿಗೆ ಪೊಂಗಲ್ ಇಡುತ್ತೇವೆ. ದೇವರು ಎಂದರೆ ಒಂದು ಕಲ್ಲು. ಅದರ ಮುಂದೆ ಬಯಲು. ಬಯಲಿನ ತುಂಬ ಒಲೆಗಳು. ಮದುವೆಯಾಗಿ ಬಂದ ವರ್ಷ ಪ್ರತಿ ಸೊಸೆಯೂ ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಬೇಕು. ಆಮೇಲೆ ಅದು ಅವಳ ಒಲೆ. ಅವಳೇ ಬೆಂಕಿ ಹಚ್ಚಬೇಕು. ಆಗದ ಕಾಲಕ್ಕೆ ಅಲ್ಲೇ ನಿಂತು, ಯಾರಾದರೂ ಒಬ್ಬಳ ಕೈ ಹಿಡಿದು ಹಚ್ಚಿಸಿದರೆ ಒಲೆ ಆ ಇನ್ನೊಬ್ಬಳದಾಗುತ್ತದೆ. ಹಾಗೆ ಮಾಡದಿದ್ದರೆ? ಒಲೆಯ ಕಲ್ಲುಗಳು ಪಕ್ಕದ ಒಲೆಗೆ ಹೋಗುತ್ತವೆ. ಒಂದು ಒಲೆ ಇತ್ತು ಎಂಬ ಗುರುತೂ ಉಳಿಯುವುದಿಲ್ಲ.

ನನ್ನ ಸೊಸೆಗೆ ಅವಳದೇ ಒಲೆ ಇದೆ. ನನ್ನದನ್ನು ಯಾಳಿನಿಗೆ ಕೊಡಬೇಕೆಂದು ನನ್ನ ಆಸೆ. ಯಾಳಿನಿ ಪ್ರಭುವಿನ ತಂಗಿ, ದಿಂಡಿಗಲ್ಲಿನ ಕಾಲೇಜಿನಲ್ಲಿ ಓದುತ್ತಾಳೆ. ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಆ ಬಯಲಿನಲ್ಲಿ ಕಲ್ಲಿಡುವ ಹಕ್ಕಿಲ್ಲ, ಹೊರಗಿಂದ ಬಂದವಳಿಗೆ ಮಾತ್ರ. ಆದರೆ ಅಜ್ಜಿಯೇ ಕೈ ಹಿಡಿದು ಹಚ್ಚಿಸಿದರೆ ಇಲ್ಲ ಎನ್ನುವವರು ಯಾರು?

ಇಲ್ಲ ಎನ್ನುತ್ತಿದ್ದವು ನನ್ನ ಮಂಡಿಗಳು. ಅವು ಸತ್ಯಾಗ್ರಹಕ್ಕೆ ಕೂತು ಕೆಲವು ವರ್ಷಗಳೇ ಆಗಿವೆ. ಹೋದ ಮಾಸಿಯಲ್ಲಿ ಯಾರೋ ನನ್ನ ಒಲೆಯ ಒಂದು ಕಲ್ಲನ್ನು ಆಗಲೇ ಅಲುಗಾಡಿಸಿ ನೋಡಿದರಂತೆ. ಸುದ್ದಿ ಕೇಳಿ ನಾನು ಊಟ ಬಿಟ್ಟಿರಲಿಲ್ಲ. ಆದರೆ ಅನ್ನ ಕಲಸುತ್ತಾ ಬಹಳ ಹೊತ್ತು ಕೂತಿದ್ದೆ. ಅದನ್ನು ಪ್ರಭು ನೋಡಿದ.

"ಅಪ್ಪತ್ತಾ, ಮುಂದಿನ್ ಸಲ ನಾನು ನಿನ್ನ ನನ್ ಬೈಕ್ ವಂಡೀಲಿ ಕೂಟ್ಕೊಂಡು ಓಯ್ತೀನಿ. ಒಲೆ ತಾವ್ಕೇ ಇಳಿಸ್ತೀನಿ. ಸೆರಿಯಾ?"

ಎಂಥ ಮೊಮ್ಮಗ! ನಾನು ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡೆ.

ಆದರೆ ಕ್ರೂಸರು ಬೆಟ್ಟ ಹತ್ತುವುದಿಲ್ಲವಂತೆ. ಅದರ ಹೊಟ್ಟೆ ನೆಲಕ್ಕೆ ತಾಗುತ್ತದಂತೆ. ಸರಿ, ಬೆಟ್ಟ ಹತ್ತುವ ಬೇರೆ ಜಾತಿಯ ಬೈಕುಗಳಿವೆಯಲ್ಲ, ಇದನ್ನು ಕೊಟ್ಟು ಅದನ್ನು ತರಬಾರದೇ ಎಂದು ಯಾಳಿನಿ ಕೇಳಿದಳು. ಪ್ರಭು ಅವಳನ್ನು ಕನಿಕರದಿಂದ ನೋಡಿದ.

"ಅದ್ರಾಗೆ ಏನ್ ಥ್ರಿಲ್ಲು ಪಾ? ಇದನ್ನೇ ಅದಾಗಿ ಮಾಡ್ಬೇಕು."

ಎತ್ತು ಬೇಕಾದವನು ಎತ್ತನ್ನು ಕೊಳ್ಳುತ್ತಾನೆ. ಎಂಜಿನಿಯರಿಂಗ್ ಓದಿದವನು ಎಮ್ಮೆಯನ್ನು ತಂದು ಅದಕ್ಕೆ ಎತ್ತಿನ ಕೆಲಸ ಕಲಿಸುತ್ತಾನೆ. ಓದಿದ್ದಕ್ಕೆ ಉಪಯೋಗ ಬೇಡವೇ?

ದೀಪಾವಳಿ ಮುಗಿದ ಮೇಲೆ ಬೋಡಿನಾಯಕನೂರಿನ ಪಾಂಡಿ ಎಂಬ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಈ ಪಾಂಡಿಗೆ ಇಲ್ಲ ಎನ್ನುವುದು ಗೊತ್ತಿಲ್ಲ. ಬೈಕಿಗೆ ರೆಕ್ಕೆ ಹಚ್ಚು ಎಂದರೂ, "ಪಣ್ಣಿಡಲಾಂ ತಂಬಿ, ಮಾಡೇಬಿಡೋಣ" ಎನ್ನುವ ಪೈಕಿ. ಪ್ರತಿ ಶನಿವಾರ ಬೈಕು ಒಂದೊಂದು ಹೊಸ ಅವತಾರದಲ್ಲಿ ಬಂತು.

ಮೊದಲು ಟೈರು. ಹಲಸಿನಕಾಯಿಯಂತೆ ಮೈತುಂಬ ಗುಬುಟು. ಬಟನ್ ಟೈರು ಎಂದು ಹೆಸರಂತೆ. ತಾರು ರಸ್ತೆಯ ಮೇಲೆ ಬಂದರೆ ಯಾರೋ ಊರಿಗೆಲ್ಲ ಹಿಟ್ಟು ಬೀಸುತ್ತಿರುವ ಸದ್ದು. ಚೆನ್ನಾಗಿದೆ ಎಂದೆ.

ಆಮೇಲೆ ಹ್ಯಾಂಡಲ್ ಮೇಲೆದ್ದಿತು. ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡು ಬಂತು. ಹಿಂದೆ ತಟ್ಟೆಯಷ್ಟು ದೊಡ್ಡ ಹಲ್ಲಿನ ಚಕ್ರ ಬಂತು, ಏರಿನಲ್ಲಿ ಎಳೆತ ಬೇಕಲ್ಲ. ಚೆನ್ನಾಗಿದೆ ಎಂದೆ.

ಅದಾದ ಮೇಲೆ ಸೈಲೆನ್ಸರು ಕೆಳಗಿಂದ ಮೇಲಕ್ಕೆ ಹೋಗಿ, ಸರಿಯಾಗಿ ನನ್ನ ಕಾಲಿರುವ ಜಾಗದಲ್ಲಿ ನಿಂತಿತು.

"ಹೊಳೆ ದಾಟೋವಾಗ ನೀರ್ ಒಳಿಕೆ ಓಗ್ಬಾರ್ದು ಅಪ್ಪತ್ತಾ," ಎಂದ.

ಯಾವ ಹೊಳೆ? ಮಾಸಿಯಲ್ಲಿ ನಮ್ಮ ಬೆಟ್ಟದ ಮೇಲೆ ಮುಖ ತೊಳೆಯಲು ನೀರಿಲ್ಲದೆ ಕೊಡ ಹೊತ್ತು ಹೋಗುತ್ತೇವೆ. ಇರಲಿ. ಚೆನ್ನಾಗಿದೆ ಎಂದೆ.

ಮುಂದಿನ ವಾರ ಅವನು ಕಾಲಿಡುವ ಜಾಗ ಹಿಂದಕ್ಕೆ ಬಂತು. ಕಲ್ಲಿನ ದಾರಿಯಲ್ಲಿ ಕೂತು ಓಡಿಸಬಾರದಂತೆ, ನಿಂತು ಓಡಿಸಬೇಕಂತೆ. (ನಿಂತೇ ಹೋಗುವುದಾದರೆ ನಡೆದೇ ಹೋಗಬಹುದಲ್ಲ ಎಂದು ಕೇಳಬೇಕೆನಿಸಿತು.) ಅವನ ಕಾಲು ನನ್ನ ಕಾಲಿನ ಜಾಗಕ್ಕೆ ಬಂದದ್ದರಿಂದ ನನ್ನ ಹಲಗೆ ಹೋಯಿತು. ಶಾಕ್ ಅಬ್ಸಾರ್ಬರ್ ಉದ್ದವಾಗಿ ಇಡೀ ಗಾಡಿ ಮೇಲೆದ್ದಿತು. ಎಮ್ಮೆ ಒಂಟೆಯಾಯಿತು. ಸೀರೆಯ ಜಾಲರಿ ಗಿಡಗಂಟೆಗೆ ಸಿಕ್ಕುತ್ತದೆ ಎಂದು ಹೋಯಿತು. ಒರಗು ಅಲುಗಾಡುತ್ತದೆ ಎಂದು ಹೋಯಿತು.

ಸಂಕ್ರಾಂತಿಯ ಪೊಂಗಲ್ ಹಬ್ಬದ ವಾರ ಹಿಂದಿನ ಸೀಟನ್ನೇ ಬಿಚ್ಚಿ, ಮೊದಲೇ ಕಳಚಿದ್ದ ಒರಗಿನ ಸಮೇತ ತಂದು ಜಗಲಿಯ ಮೇಲೆ ಇಟ್ಟ. ಸೀಟಿದ್ದ ಜಾಗದಲ್ಲಿ ಈಗ ಬರೀ ಒಂದು ಕಬ್ಬಿಣದ ಪಟ್ಟಿ.

"ಎಲ್ಲಾ ವೆಯ್ಟು ಅಪ್ಪತ್ತಾ! ಬೆಟ್ಟದ್ ದಾರಿ ಟ್ರೇಲ್ ರೈಡಿಂಗಿಗೆ ವೆಯ್ಟ್ ಕಮ್ಮಿ ಮಾಡೋದೇ ಮೊದಲ್ನೇ ರೂಲು."

"ಅಣ್ಣಾ, ಅಪ್ಪತ್ತಾ ಎಲ್ಲಿ ಕುಂತ್ಕೋತಾಳೆ?" ಎಂದು ಯಾಳಿನಿ ಕೇಳಿದಳು.

ಪ್ರಭು ಬೈಕನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಬೈಕನ್ನು ನೋಡಿದ. ತಿಂಗಳುಗಟ್ಟಲೆ ಅಡುಗೆ ಮಾಡಿ ಕೊನೆಗೆ ಅಕ್ಕಿ ಹಾಕುವುದನ್ನೇ ಮರೆತವನ ಮುಖ.

"ಏನಾರ ಮಾಡ್ತೀನಿ," ಎಂದ. "ಪಾಂಡಿಯಣ್ಣನ್ನ ಕೇಳ್ತೀನಿ."

ನಗಬೇಡಿ. ನಾವು ಯಾರು ಹಾಗೆ ಮಾಡುವುದಿಲ್ಲ ಹೇಳಿ? ನಮ್ಮ ಬೀದಿಯಲ್ಲಿ ಒಬ್ಬರು ಅವ್ವನಿಗೆಂದು ಮನೆ ಕಟ್ಟಿಸಿದರು. ಅವ್ವನ ಕೋಣೆ ಮಹಡಿಯ ಮೇಲೆ, ಬಚ್ಚಲು ಕೆಳಗೆ. ಇನ್ನೊಬ್ಬರು ತಾತನಿಗೆ ಕಿವಿಗೆ ಹಾಕುವ ಮಿಷನ್ ತಂದರು. ಕಳೆದುಹೋದೀತು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ತಾತನನ್ನು ಈಗಲೂ ಕೂಗಿಯೇ ಕರೆಯುತ್ತಾರೆ. ಯಾರಿಗಾಗಿ ಕೆಲಸ ಶುರುವಾಯಿತೋ ಅವರೇ ಕೆಲಸಕ್ಕೆ ಅಡ್ಡ ಬರುತ್ತಾರೆ. ಅವರನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಕೆಲಸ ಎಷ್ಟು ಸಲೀಸು!

ನಾನು ಸೀಟನ್ನು ಜಗಲಿಯ ಗೋಡೆಗೆ ಒತ್ತಿಟ್ಟುಕೊಂಡು ಅದರ ಮೇಲೆ ಕೂತು ಅವರೆಕಾಯಿ ಬಿಡಿಸಿದೆ. ಬೆನ್ನಿಗೆ ಹಿತವಾಗಿತ್ತು. ದಿನವೂ ಅಲ್ಲೇ ಕೂತೆ. ಪ್ರಭುವಿನ ಬೈಕು ಗೆಳೆಯರು ಬಂದು, ದನದ ಸಂತೆಯಲ್ಲಿ ಹೋರಿ ನೋಡುವಂತೆ ಗಾಡಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ತಟ್ಟಿ, ಅಲುಗಿಸಿ, ತಲೆದೂಗುವುದನ್ನು ನೋಡುತ್ತಿದ್ದೆ.

ಬೆಟ್ಟಕ್ಕೆ ಹೋಗುವ ಹಿಂದಿನ ಭಾನುವಾರ ಭಾವನವರು ಬಂದರು. ನಮ್ಮ ಬಳಗದಲ್ಲಿ ಅವರದೇ ಕೊನೆಯ ಮಾತು. ಕೋಲೂರಿಕೊಂಡು ಬಂದು, ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ನಾನು ಕಂಬದ ಮರೆಗೆ ಸರಿದೆ, ಸೀಟಿನ ಸಮೇತ.

"ಲೇ ಪ್ರಭೂ, ಈ ವಂಡೀನ ಗಡಿಕಲ್ ದಾಟಿಸ್ತೀಯಂತೆ?"

ಗಡಿಕಲ್ಲು ಎಂದರೆ ಬೆಟ್ಟದ ಬುಡದಲ್ಲಿರುವ ಒಂದು ನೆಟ್ಟ ಕಲ್ಲು. ಅದರಾಚೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ತೊಗಲಿನ ಯಾವ ಸಾಮಾನೂ ಒಯ್ಯುವಂತಿಲ್ಲ. ಬೆಲ್ಟು, ಪರ್ಸು ಎಲ್ಲ ಅಲ್ಲೇ.

"ಊಂ ದೊಡ್ ತಾತ. ಅಪ್ಪತ್ತಾಗೋಸ್ಕರ. ಏನಾರ ಮಾಡಿ ಒಂದ್ ಸೀಟ್ ಕಟ್ತೀನಿ."

"ಚಪ್ಲಿ ಓಗಾಕಿಲ್ಲ, ಗೊತ್ತಲ್ವಾ?"

"ಗೊತ್ತು ತಾತ. ಬರಿಗಾಲಾಗೇ ಓಡಿಸ್ತೀನಿ."

"ನಿನ್ ಚಪ್ಲಿ ಅಲ್ಲ ಪಾ. ವಂಡಿ ಚಪ್ಲಿ."

ಪ್ರಭುವಿಗೆ ಅರ್ಥವಾಗಲಿಲ್ಲ. ನಮಗ್ಯಾರಿಗೂ ಆಗಲಿಲ್ಲ. ಭಾವನವರು ಕೋಲಿನಿಂದ ಟೈರು ತೋರಿಸಿದರು.

"ನಾನ್ ಚಿಕ್ಕೋನಾಗಿದ್ದಾಗಿಂದ ಮೆಟ್ಟಿದ್ದು ಯಾವ ಚಪ್ಲಿ? ಟೈರ್ ಚಪ್ಲಿ. ಲಾರಿ ಟೈರ್ ಕುಯ್ದು ವಾರ್ ಹೊಡೆದ್ರೆ ಚಪ್ಲಿ. ಅಂದ್ಮೇಲೆ ಟೈರ್ ಅಂದ್ರೇನು? ಇನ್ನೂ ಕುಯ್ಯದೇ ಇರೋ ಚಪ್ಲಿ!"

ಜಗಲಿಯ ಕೆಳಗೆ ನಿಂತಿದ್ದ ನೆಂಟರೆಲ್ಲ ತಲೆದೂಗಿದರು. ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಇಂಥ ತರ್ಕ?

"ತಾತ, ಎತ್ತಿಗೆ ಲಾಳ ಹೊಡೀತೀವಲ್ಲ? ಲಾಳ ಹೊಡ್ದ ಎತ್ತು ಗಡಿಕಲ್ ದಾಟಲ್ವಾ?"

"ಲಾಳ ಉಗುರ್‌ಗೆ ಹೊಡ್ದಿರೋದು. ಎತ್ತು ತಾನಾಗಿ ಬಿಚ್ಚಾಕಾಗಲ್ಲ."

"ವಂಡೀನೂ ತಾನಾಗಿ ಬಿಚ್ಚಾಕಾಗಲ್ಲ!"

"ನೀನ್ ಬಿಚ್ಚು."

"ಟೈರ್ ಬಿಚ್ಚಿದ್ರೆ ವಂಡಿ ಹೆಂಗ್ ಓಡ್ತದೆ ತಾತ?"

"ಚಪ್ಲಿ ಬಿಚ್ಚಿದ್ರೆ ನಾವ್ ನಡೆಯಾಕಿಲ್ವಾ?"

ತಗಡು, ಹ್ಯಾಂಡಲು, ಬಟನ್ ಟೈರು, ಇಲ್ಲದ ಹೊಳೆಗೆ ಎತ್ತಿ ಕಟ್ಟಿದ ಸೈಲೆನ್ಸರು, ಎಲ್ಲವೂ ಒಂದು ನೆಟ್ಟ ಕಲ್ಲಿನ ಮುಂದೆ ನಿಂತುಬಿಟ್ಟವು. ಪ್ರಭು ಪ್ರತಿವರ್ಷ ಅದೇ ಕಲ್ಲಿನ ಬುಡದಲ್ಲಿ ತಾನೇ ಚಪ್ಪಲಿ ಬಿಟ್ಟವನು. ಬೆಟ್ಟದ ಪ್ರತಿ ಏರಿಗೂ ಲೆಕ್ಕ ಹಾಕಿದ್ದ, ಬೆಟ್ಟದವರಿಗೆ ಹಾಕಿರಲಿಲ್ಲ.

ಆಗ ಯಾಳಿನಿ ಮುಂದೆ ಬಂದಳು. ಮೊಮ್ಮಗಳಿಗೆ ಯಾವ ಪದ್ಧತಿಯೂ ಅಡ್ಡ ಬರುವುದಿಲ್ಲ.

"ದೊಡ್ ತಾತ, ನಿಂ ಕೋಲ್ ಅಡೀಲಿ ರಬ್ಬರ್ ಐತಲ್ಲ. ಅದ್ಯಾವ್ ಚಪ್ಲಿ?"

ಎಲ್ಲರೂ ಕೋಲನ್ನು ನೋಡಿದರು. ಕೆಳಗೆ ಜಾರದ ಹಾಗೆ ಕರಿಯ ರಬ್ಬರಿನ ಟೋಪಿ. ಭಾವನವರು ಕೋಲನ್ನು ತಿರುಗಿಸಿ, ಹೊಸದಾಗಿ ಕಂಡವರಂತೆ ನೋಡಿದರು. ಇನ್ನೇನು ಗೆದ್ದೆವು ಎಂದುಕೊಂಡೆವು. ಅವರು ರಬ್ಬರನ್ನು ತಿರುಚಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು.

"ನನ್ ಕೋಲ್ ಬಿಚ್ತು. ನಿನ್ ವಂಡಿ?"

ಮುಗಿಯಿತು. ಅಂಥವರ ಹತ್ತಿರ ವಾದ ಮಾಡಿ ಗೆಲ್ಲುವುದು ಹೇಗೆ? ಪ್ರಭು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತ. ನಾನು ನನ್ನ ಮೂರು ಕಲ್ಲುಗಳನ್ನು ನೆನೆದುಕೊಂಡೆ. ಅದರಲ್ಲೊಂದು ನಾನು ಸೀರೆ ಎತ್ತಿ ಕಟ್ಟಿ, ಮದುವೆಯ ಬಳೆ ಒಡೆದುಕೊಂಡು ಉರುಳಿಸಿ ತಂದದ್ದು. ಆ ಕಲ್ಲು ಈ ಸಲ ಯಾರ ಒಲೆಗೆ ಹೋಗುತ್ತದೋ.

ಯಾಳಿನಿ ನನ್ನ ಕಡೆ ತಿರುಗಿದಳು. ನನ್ನ ಮುಖವನ್ನಲ್ಲ, ನಾನು ಕೂತದ್ದನ್ನು ನೋಡಿದಳು.

"ತಾತ, ವಂಡಿ ಬ್ಯಾಡ. ಸೀಟ್ ಓಗ್ಬೋದಾ? ಅದಕ್ಕೆ ಟೈರ್ ಇಲ್ಲ. ಎಲ್ಡ್ ಬಿದಿರ್ ಕಟ್ಟಿ ಅಪ್ಪತ್ತಾನ ಹೊತ್ಕೊಂಡ್ ಓಯ್ತೀವಿ."

ಭಾವನವರು ನನ್ನತ್ತ ನೋಡುವಂತಿಲ್ಲ. ಕಂಬವನ್ನು ನೋಡಿ ಯೋಚಿಸಿದರು. ಕಂಬವನ್ನೇ ಕೇಳಿದರು, "ತೊಗಲಾ?"

ಉತ್ತರ ಹೇಳಬೇಕಾದವನು ಪ್ರಭು. ಆದರೆ ಅವನ ಗೆಳೆಯರು ಗಾಡಿಯ ಪಕ್ಕದಲ್ಲೇ ನಿಂತಿದ್ದರು. ಅದು ಒರಿಜಿನಲ್ ಲೆದರ್ ಸೀಟು ಎಂದು ಇವನು ಕೊಚ್ಚಿಕೊಳ್ಳದ ದಿನ ಇಲ್ಲ. ಈಗ ಅವರ ಮುಂದೆ ಅಲ್ಲ ಎನ್ನುವುದು ಹೇಗೆ? "ಅದು... ಲೆದರ್ ಫಿನಿಶ್... ಅಂದ್ರೆ..." ಎಂದು ತೊದಲಿದ.

"ಲೆದರ್ ಅಂದ್ರೆ ತೊಗ್ಲೇ ತಾನೇ? ಆಯ್ತು ಬಿಡು," ಎಂದು ಭಾವನವರು ಕೋಲೂರಿ ಎದ್ದರು.

ನಾನು ಆ ಸೀಟಿನ ಮೇಲೆ ಎಷ್ಟು ದಿನದಿಂದ ಕೂತಿದ್ದೇನೆ! ಬಿಸಿಲು ಏರಿದರೆ ಅದು ತೊಡೆಗೆ ಅಂಟುವುದು ನನಗೆ ಗೊತ್ತು. ಒಂದು ಮೂಲೆ ಬಿರಿದು ಒಳಗಿನ ನೂಲು ಕಾಣುವುದು ನನಗೆ ಗೊತ್ತು. ಭಾವನವರು ಒಂದು ಮೆಟ್ಟಿಲು ಇಳಿದರು.

"ರೆಕ್ಸಿನು."

ದನಿ ನನ್ನದೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. ನೆಂಟರೆಲ್ಲ ಕಂಬದ ಕಡೆ ತಿರುಗಿದರು. ಒಳಗೆ ಸೊಸೆ ಸೌಟು ಬೀಳಿಸಿದಳು.

ಭಾವನವರು ನಿಂತರು. ಹಿಂದೆ ತಿರುಗಲಿಲ್ಲ.

"ಯಾರ್ ಪಾ ಹೇಳಿದ್ದು?" ಎಂದರು. ಉತ್ತರಕ್ಕೆ ಕಾಯದೆ ಅವರೇ, "ರೆಕ್ಸಿನು ಅಂದ್ರೆ ಬಟ್ಟೆ. ಬಟ್ಟೆ ಓಗ್ಲಿ," ಎಂದು ಹೊರಟರು. ಬಾಗಿಲಾಚೆ ಅವರ ಕೋಲು ಒಮ್ಮೆ ಜಾರಿತು.

ಬೆಟ್ಟದ ದಿನ ಪ್ರಭು ಬೈಕನ್ನು ಗಡಿಕಲ್ಲಿನ ತನಕ ತಂದ. ಅಷ್ಟಾದರೂ ಬೇಡವೇ? ನಾನು ಸೊಸೆಯ ಜೊತೆ ಆಟೋದಲ್ಲಿ ಬಂದು ಇಳಿದೆ. ಎರಡು ಬಿದಿರು, ತೆಂಗಿನ ನಾರಿನ ಹಗ್ಗ, ನಡುವೆ ನನ್ನ ಸೀಟು. ಮುಂದಿನ ಒಂದು ತುದಿಗೆ ಪ್ರಭು, ಉಳಿದ ತುದಿಗಳಿಗೆ ಅವನ ಬೈಕು ಗೆಳೆಯರು. ಎಲ್ಲರೂ ಬರಿಗಾಲು. ಟ್ರೇಲ್ ರೈಡಿಂಗಿನವರಿಗೆ ಅಂದು ಟ್ರೇಲು ಎಂದರೆ ಏನೆಂದು ಅಂಗಾಲಿಗೆ ತಿಳಿಯಿತು.

"ಅಯ್ಯೋ! ಮುಳ್ಳು ಡಾ!"

"ನಿಂತ್ಕೋ ಡಾ, ಅಪ್ಪತ್ತಾ ವಾಲ್ತಾವ್ಳೆ!"

"ಅಣ್ಣಾ, ಸಸ್ಪೆನ್ಷನ್ ಸೆಟ್ ಮಾಡು," ಎಂದು ಹಿಂದಿನಿಂದ ಯಾಳಿನಿ.

ಅರ್ಧ ದಾರಿಯಲ್ಲಿ ಪ್ರಭು ಏದುಸಿರು ಬಿಡುತ್ತ, "ಅಪ್ಪತ್ತಾ, ಎಷ್ಟ್ ವೆಯ್ಟ್ ಇದ್ದೀಯೇ ನೀನು!" ಎಂದ. ತೂಕ ಕಮ್ಮಿ ಮಾಡಲು ಇನ್ನು ನನ್ನಲ್ಲಿ ಏನನ್ನು ಬಿಚ್ಚುತ್ತಾನೋ ಎಂದು ಭಯ. ಬಂಡೆಯ ಜಾಗದಲ್ಲಿ ಭಾವನವರು ರಬ್ಬರಿಲ್ಲದ ಕೋಲು ಜಾರಿ ಹೆಜ್ಜೆ ಇಡಲಾಗದೆ ನಿಂತಿದ್ದರು. ನಾವು ದಾಟುವಾಗ ಮುಖ ಆಚೆ ತಿರುಗಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಯಾಳಿನಿ ತಾನಾಗಿ ಹಿಂದಿರುಗಿ ಅವರ ಕೈ ಹಿಡಿದುಕೊಂಡಳು.

ಬಯಲಲ್ಲಿ ನನ್ನ ಒಲೆ ಇತ್ತು. ಒಂದು ಕಲ್ಲು ವಾಲಿತ್ತು, ನಡುವೆ ಹುಲ್ಲು ಬೆಳೆದಿತ್ತು. ಹುಲ್ಲು ಕಿತ್ತೆ. ಪ್ರಭು ಕಲ್ಲನ್ನು ನೆಟ್ಟಗೆ ಮಾಡಿದ. ಭಾವನವರನ್ನು ಹತ್ತಿಸಿಕೊಂಡು ಬಂದ ಯಾಳಿನಿಯ ಕೈ ಹಿಡಿದು ಬೆಂಕಿ ಹಚ್ಚಿಸಿದೆ. ಹಾಲು ಉಕ್ಕಿತು. ಪಕ್ಕದ ಒಲೆಯವಳು ನನ್ನ ಕಲ್ಲನ್ನು ಒಮ್ಮೆ ನೋಡಿ, ತನ್ನ ಸೌದೆಯನ್ನು ಸರಿಮಾಡಿಕೊಂಡಳು. ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಒಲೆಯೇ ಎಂದು ಯಾರಾದರೂ ಕೇಳಿಯಾರು ಎಂದು ಕಾದೆ. ಎಲ್ಲರೂ ಭಾವನವರ ಮುಖ ನೋಡಿದರು. ಅವರು ಯಾಳಿನಿಯ ಪೊಂಗಲ್ ಬಾಯಿಗೆ ಹಾಕಿಕೊಂಡು, "ಬೆಲ್ಲ ಕಮ್ಮಿ," ಎಂದರು. ಅವರು ತಪ್ಪು ಹುಡುಕಿದರು ಎಂದರೆ ಒಪ್ಪಿದರು ಎಂದೇ ಅರ್ಥ.

ಸಂಜೆ ಇಳಿದು ಬಂದೆವು. ಗಡಿಕಲ್ಲಿನ ಬಳಿ ನನಗೆ ಬೈಕು ಗುರುತೇ ಸಿಗಲಿಲ್ಲ. ನಾಯಿ ಎಳೆದೊಯ್ಯದಿರಲಿ ಎಂದು ಬಳಗದವರೆಲ್ಲ ಚಪ್ಪಲಿಗಳನ್ನು ಅದರ ಮೇಲೇ ಇಟ್ಟು ಹೋಗಿದ್ದರು. ಎತ್ತರದ ಹ್ಯಾಂಡಲಿಗೆ ನೇತುಹಾಕಿದ್ದರು, ಹೊಳೆ ದಾಟಬೇಕಿದ್ದ ಸೈಲೆನ್ಸರಿಗೆ ಸಿಕ್ಕಿಸಿದ್ದರು, ಟ್ಯಾಂಕಿನ ಮೇಲೆ ಜೋಡಿಸಿದ್ದರು. ನಮ್ಮ ಬೆಟ್ಟಕ್ಕೆ ಅಷ್ಟು ಎತ್ತರದ, ಅಷ್ಟು ಗಟ್ಟಿಯಾದ ಚಪ್ಪಲಿ ಸ್ಟ್ಯಾಂಡು ಹಿಂದೆಂದೂ ಬಂದಿರಲಿಲ್ಲ.

ನನ್ನ ಹವಾಯಿ ಚಪ್ಪಲಿ ಎಲ್ಲಿ ಎಂದು ಹುಡುಕಿದೆ. ಯಾರೋ ಪುಣ್ಯಾತ್ಮರು ಅದನ್ನು ಹಿಂದಿನ ಸೀಟಿದ್ದ ಜಾಗದಲ್ಲಿ, ಆ ಕಬ್ಬಿಣದ ಪಟ್ಟಿಯ ಮೇಲೆ, ಬೀಳದ ಹಾಗೆ ಜೋಡಿಸಿ ಕೂರಿಸಿದ್ದರು.

ಅಂತೂ ಆ ಗಾಡಿಯಲ್ಲಿ ನನ್ನದಾಗಿ ಏನೋ ಒಂದು ಕೂತಿತಲ್ಲ?